ಕಾಳಿಯ ಕಲ್ಲು, ಆಲೆಮನೆ ಕೊಪ್ಪರಿಗೆ

ಮಾವನ ಬಲಗಣ್ಣಿನ ಪೊರೆ ತೆಗೆಸಿ ಅವತ್ತಿಗೆ ಎಂಟನೇ ದಿನ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಚೆನ್ನಾಗಿದೆ. ಧೂಳಿಗೆ ಹೋಗಬೇಡಿ, ತಲೆಗೆ ನೀರು ಹಾಕಬೇಡಿ, ಹನಿ ತಪ್ಪಿಸಬೇಡಿ" ಎಂದು ಹತ್ತೂವರೆಗೆಲ್ಲ ಕಳಿಸಿಬಿಟ್ಟರು. ಮದ್ದೂರಿಗೆ ಹೋಗುವ ಟ್ರೈನು ಸಂಜೆಗೆ. ಅಲ್ಲಿವರೆಗೆ ಅವರನ್ನು ಎಲ್ಲಿ ಕೂರಿಸುವುದು? ಮನೆಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಟ್ರಾಫಿಕ್ಕಿಗೆ ಹೋಗುತ್ತದೆ. ಮಾಲ್ ಎಂದರೆ ಮಾವನಿಗೆ ಆಗದು. ಹಾಗಾಗಿ ಸುಮ್ನೆ, ಬೇರೇನೂ ತೋಚದೆ, ಕಸ್ತೂರಬಾ ರಸ್ತೆಗೆ ಆಟೋ ಹಿಡಿದೆ.

ಇದು ಕೋವಿಡ್‌ಗೆ ಮುಂಚಿನ ಮಾತು. ಮಾವ ಎಂದರೆ ಅಮ್ಮನ ತಮ್ಮ. ಕಬ್ಬು, ಭತ್ತ, ನಾಲ್ಕು ಎಮ್ಮೆ, ಒಂದು ನಾಯಿ. ಶಾಲೆ ಏಳನೇ ಕ್ಲಾಸಿಗೆ ಮುಗಿದಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ಆಟೋದಲ್ಲಿ ಕೂತಿದ್ದರೆ ಯಾವುದೋ ಪಕ್ಷದ ಮುಖಂಡರ ಹಾಗೆ ಕಾಣುತ್ತಿದ್ದರು.

ನಾನು ಮ್ಯೂಸಿಯಂ ನೋಡುವವಳೇ. ಆದರೆ ಹೇಗೆ ನೋಡುತ್ತಿದ್ದೆ ಅಂತ ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಮೊದಲು ಪಕ್ಕದ ಫಲಕ ಓದುವುದು. ಯಾವ ಶತಮಾನ, ಯಾವ ಊರು. ಆಮೇಲೆ ಒಂದು ಫೋಟೋ. ಮುಂದಿನದಕ್ಕೆ ಹೋಗುವುದು. ಬ್ಯಾಂಕಿನಲ್ಲಿ ವೋಚರ್ ಟಿಕ್ ಹಾಕುವ ಹಾಗೆ. ನನ್ನ ಕೆಲಸವೂ ಅದೇ ಆಗಿದ್ದರಿಂದ ಆ ಚಾಳಿ ಇಲ್ಲೂ ಬಂದಿರಬೇಕು. ಗ್ಯಾಲರಿಗಳಿಗೂ ಹೋಗುತ್ತಿದ್ದೆ. ಅಲ್ಲಿ ಇನ್ನೂ ಕಷ್ಟ. ಫಲಕ ಓದಿದ ಮೇಲೂ ಅರ್ಥವಾಗುತ್ತಿರಲಿಲ್ಲ. ಅರ್ಥವಾದವಳ ಹಾಗೆ ತಲೆ ಆಡಿಸಿ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದೆ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಈಗಿರುವ ಕೆಂಪು ಕಟ್ಟಡ 1877ರದ್ದು. ಬೆಂಗಳೂರಿನ ಶಾಲೆ ಮಕ್ಕಳನ್ನು ತುಂಬಿಕೊಂಡು ಬರುವ ಬಸ್ಸುಗಳು ಇದರ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಲ್ಲುತ್ತವೆ. ಅವತ್ತೂ ಗಲಾಟೆ ಎಲ್ಲ ಅಲ್ಲೇ ಇತ್ತು. ನಮ್ಮ ಕಡೆ ನಾವಿಬ್ಬರು, ಇನ್ನೊಂದು ನಾಲ್ಕು ಜನ.

ಒಳಗೆ ಹೋದ ಕೂಡಲೇ ಮಾವ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಬೇಡ ಅಂದರೂ ಕೇಳಲಿಲ್ಲ. "ಇಲ್ಲಿ ಬಿಸ್ಲಿಲ್ವಲ್ಲಮ್ಮಿ" ಎಂದರು. ಬೇಗೂರಿನ ವೀರಗಲ್ಲಿನ ಮುಂದೆ ನಿಂತೆವು. ಆನೆ, ಕುದುರೆ, ಬಿಲ್ಲು, ಬಿದ್ದ ಹೆಣಗಳು, ಎಲ್ಲ ಒಂದೇ ಕಲ್ಲಿನಲ್ಲಿ ಕಿಕ್ಕಿರಿದು ನಿಂತಿವೆ. ಗಂಗರ ಕಾಲದ್ದು, ಸಾವಿರ ವರ್ಷ ದಾಟಿದ್ದು. ನಾನು ಅಭ್ಯಾಸದಂತೆ ಫಲಕದ ಕಡೆ ಬಗ್ಗಿದೆ. ಮಾವ ಕಲ್ಲಿಗೆ ಒಂದು ಮೊಳ ದೂರದಲ್ಲಿ ಮುಖ ಇಟ್ಟುಕೊಂಡು, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಒಂದೊಂದೇ ಕುದುರೆಯನ್ನು ನೋಡುತ್ತಿದ್ದರು. ಹೊಸ ಕಣ್ಣನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ನಾನು ಅವರಿಗೆ ತೋರಿಸಬೇಕೆಂದಿದ್ದದ್ದು ಇದಲ್ಲ. ಆತಕೂರಿನ ಕಲ್ಲು. ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಇದು ನಿಮ್ಮ ಕಡೇದು ಮಾವ" ಎಂದೆ.

"ನಮ್ಮ ಕಡೇದು ಅಂದ್ರೆ?"

"ಆತಕೂರು."

"ನಮ್ಮ ಮದ್ದೂರು ತಾಲ್ಲೂಕಿನ ಆತಕೂರಾ?" ಮಾವನಿಗೆ ನಂಬಿಕೆ ಬರಲಿಲ್ಲ. ಆ ಊರಿಗೆ ಎಷ್ಟೋ ಸಲ ಹೋಗಿದ್ದರಂತೆ, ಮದುವೆಗೆ, ತಿಥಿಗೆ. ಇಂಥದ್ದೊಂದು ಕಲ್ಲು ಅಲ್ಲಿಂದ ಬಂದಿದೆ ಎಂದು ಯಾರೂ ಹೇಳಿರಲಿಲ್ಲ.

ಕಲ್ಲಿನ ಮೇಲೆ ಒಂದು ನಾಯಿ, ಒಂದು ಕಾಡುಹಂದಿ. ಜೊತೆಗೆ ಹಳೆಗನ್ನಡದ ಸಾಲುಗಳು. ಅಕ್ಷರ ನಮಗಿಬ್ಬರಿಗೂ ಓದಲು ಬರುವುದಿಲ್ಲ. ಕಥೆ ನನಗೆ ಮೊದಲೇ ಗೊತ್ತಿತ್ತು, ಹೇಳಿದೆ. 949ರಲ್ಲಿ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಡೆ ಗಂಗರ ಬೂತುಗ. ಆ ಕಡೆ ಚೋಳರ ರಾಜಾದಿತ್ಯ. ರಾಜಾದಿತ್ಯ ಸತ್ತ. ಬೂತುಗನ ಕಡೆ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಬೂತುಗ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಬೂತುಗನ ನಾಯಿಯನ್ನು. ಅದರ ಹೆಸರು ಕಾಳಿ.

"ನಾಯೀನಾ?"

"ನಾಯೀನೇ."

ಮಾವ ನಕ್ಕರು. "ಬುದ್ವಂತ ಕಣಮ್ಮಿ. ಆಮೇಲೆ?"

ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೇ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆ ಅಂತ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆ ಬಿಟ್ಟರು. ಪೂಜೆ ಮಾಡುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರುತ್ತದೆ ಅಂತಲೂ ಬರೆಸಿದರು.

ನನಗೆ ಈ ಕಥೆಯಲ್ಲಿ ಯಾವಾಗಲೂ ಹಿಡಿಸಿದ್ದು ನಾಯಿಯ ಹೆಸರು ಉಳಿದದ್ದು. ಅಷ್ಟು ದೊಡ್ಡ ಯುದ್ಧದಲ್ಲಿ ಎಷ್ಟು ಸಾವಿರ ಜನ ಸತ್ತರೋ, ಅವರ ಹೆಸರಿಲ್ಲ, ಕಾಳಿಯದ್ದಿದೆ. ಅದನ್ನೇ ಮಾವನಿಗೂ ಹೇಳಿದೆ. ಅವರ ತಲೆ ಬೇರೆ ಕಡೆ ಓಡುತ್ತಿತ್ತು.

"ಆ ಗದ್ದೆ ಪಹಣಿ ಈಗ ಯಾರ ಹೆಸರಲ್ಲೈತೆ?"

ನಾನು ಜೋರಾಗಿ ನಕ್ಕುಬಿಟ್ಟೆ. ಮಾವ ನಗಲಿಲ್ಲ. ತಮಾಷೆಗೆ ಕೇಳಿದ್ದಲ್ಲ ಅದು. "ಅಲ್ಲ ಕಣಮ್ಮಿ, ಕಲ್ ನೋಡ್ಕೊಳ್ಳೋಕೆ ಅಂತ ಗದ್ದೆ ಬಿಟ್ಟವ್ರೆ. ಕಲ್ಲು ಇಲ್ಲೈತೆ. ಗದ್ದೆ ಅಲ್ಲೈತೆ. ಈಗ ನೋಡ್ಕೊಳ್ಳೋರು ಯಾರು?"

"ಸರ್ಕಾರ ನೋಡ್ಕೊಳ್ಳುತ್ತೆ ಮಾವ."

"ಪೂಜೆ?"

"ಇಲ್ಲಿ ಪೂಜೆ ಇಲ್ಲ. ಬಂದು ನೋಡ್ತಾರೆ, ಅಷ್ಟೇ."

"ನೋಡ್ತಾರೆ" ಎಂದು ಮಾವ ಒಂದು ಸಲ ಹೇಳಿಕೊಂಡರು. ಆಮೇಲೆ ತುಂಬ ಹೊತ್ತು ಮಾತಿಲ್ಲ. ನಾಯಿಯ ಮುಖದ ಹತ್ತಿರ ಬಗ್ಗಿದರು. ನಾನೂ ಬಗ್ಗಿದೆ. ಫಲಕ ಓದಲಿಲ್ಲ, ಫೋಟೋ ತೆಗೆಯಲಿಲ್ಲ. ಬಿಡಿಸಿ ಹೇಳಿದರೆ ಏನೂ ಆಗಲಿಲ್ಲ, ಒಂದು ಕಲ್ಲಿನ ಮುಂದೆ ಕಾಲು ಗಂಟೆ ನಿಂತೆವು. ಆದರೆ ಒಂದೇ ವಸ್ತುವಿನ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಮೊದಲ ಎರಡು ನಿಮಿಷ ಆದಮೇಲೆ ಬೇಜಾರಾಗುತ್ತದೆ. ಅದನ್ನು ದಾಟಿದ ಮೇಲೆ ಕಾಣಿಸಲು ಶುರುವಾಗುತ್ತದೆ. ಪ್ರಾಣಿಗಳ ಮೈ ಎಷ್ಟು ಬಿಗಿಯಾಗಿದೆ ಅಂತ. ಕಲ್ಲು ಎಲ್ಲಿ ಸವೆದಿದೆ ಅಂತ. ಉಳಿ ಹಿಡಿದವನಿಗೆ ಯುದ್ಧ ಗೊತ್ತಿತ್ತೋ ಇಲ್ಲವೋ, ಮಾವ ಮಾತ್ರ ಖಂಡಿತವಾಗಿ ಹೇಳಿದರು: "ಇದನ್ನ ಕಡ್ದೋನು ಹಂದಿ ಬೇಟೆ ಕಣ್ಣಾರೆ ಕಂಡವ್ನೆ."

ಹೊರಡುವಾಗ ಅವರು ಕೈ ಮುಗಿದರಾ ಅಂತ ನನಗೆ ಖಾತ್ರಿ ಇಲ್ಲ. ಟವೆಲ್ ಸರಿ ಮಾಡಿಕೊಂಡ ಹಾಗಿತ್ತು.

ಹನಿ ಹಾಕುವ ಹೊತ್ತಾಗಿತ್ತು. ಫೋನಿನಲ್ಲಿ ಅಲಾರಂ ಬಡಿಯಿತು. ಅದರ ಹಿಂದೆಯೇ ಊರಿಂದ ಅತ್ತೆಯ ಫೋನು, "ಹನಿ ಹಾಕಿದ್ಯಾ?" ಎಂದು. ಹೊರಗೆ ಒಂದು ಕಲ್ಲಿನ ಬೆಂಚಿನ ಮೇಲೆ ಮಾವನನ್ನು ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಕೆಳಗಿನ ರೆಪ್ಪೆ ಎಳೆದು ಹನಿ ಬಿಟ್ಟೆ. ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕೂತಿರಬೇಕು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆ. ಮಾವ ಕಣ್ಣು ಮುಚ್ಚಿಕೊಂಡೇ ತಿಂದರು.

ಅದೇ ಕಾಂಪೌಂಡಿನಲ್ಲಿ ವೆಂಕಟಪ್ಪ ಚಿತ್ರಶಾಲೆ. ಕೆ. ವೆಂಕಟಪ್ಪ ಮೈಸೂರು ಅರಮನೆಯ ಕಲಾವಿದರು. ಹುಟ್ಟಿದ್ದು 1886, ತೀರಿಕೊಂಡದ್ದು 1965. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಚಿತ್ರದಷ್ಟೇ ವೀಣೆಯ ಹುಚ್ಚು ಇದ್ದ ಮನುಷ್ಯ. ವೀಣೆ ಶೇಷಣ್ಣನವರಲ್ಲಿ ಪಾಠ ಹೇಳಿಸಿಕೊಂಡಿದ್ದರು. ಮದುವೆ ಆಗಲಿಲ್ಲ. ಅವರ ಹೆಸರಿನ ಈ ಚಿತ್ರಶಾಲೆ 1975ರಲ್ಲಿ ತೆರೆಯಿತು. ಊಟಿ, ಕೊಡೈಕನಾಲಿನ ಬೆಟ್ಟಗಳ ಜಲವರ್ಣ ಚಿತ್ರಗಳು ಅವರ ಕೈಚಳಕಕ್ಕೆ ಹೆಸರಾದವು. ಚಿಕ್ಕ ಚಿಕ್ಕ ಚಿತ್ರಗಳು. ಮಂಜು, ಬೆಟ್ಟ, ಮೋಡ. ದೂರದಿಂದ ನೋಡಿದರೆ ಹಳೇ ಕ್ಯಾಲೆಂಡರ್ ಅನ್ನಿಸಬಹುದು. ನನಗೆ ಮೊದಲ ಸಲ ಹಾಗೇ ಅನ್ನಿಸಿತ್ತು.

ಮಾವ ಒಂದು ಚಿತ್ರದ ಮುಂದೆ ನಿಂತು ವಿಚಿತ್ರವಾಗಿ ಆಡಲು ಶುರು ಮಾಡಿದರು. ಬಲಗಣ್ಣು ಮುಚ್ಚುವುದು, ತೆಗೆಯುವುದು. ಎಡಗಣ್ಣು ಮುಚ್ಚುವುದು, ತೆಗೆಯುವುದು. ಮತ್ತೆ ಬಲಗಣ್ಣು. ಕಣ್ಣಿಗೇನಾದರೂ ಆಯಿತೇನೋ ಅಂತ ನನಗೆ ಗಾಬರಿ.

"ಉರೀತಿದ್ಯಾ ಮಾವ?"

"ಉರಿ ಇಲ್ಲ. ಇಲ್ಲಿ ಬಾ. ಈ ಬೆಟ್ಟ ಯಾವ ಬಣ್ಣ?"

"ನೀಲಿ."

"ಇದ್ರಲ್ಲಿ ನೀಲಿ" ಎಂದು ಬಲಗಣ್ಣು ತೋರಿಸಿದರು. "ಇದ್ರಲ್ಲಿ ಟೀ ಚೆಲ್ದಂಗೈತೆ" ಎಂದು ಎಡಗಣ್ಣು ತೋರಿಸಿದರು.

ಪೊರೆ ಬಂದ ಕಣ್ಣಿನ ಮಸೂರ ಹಳದಿಯಾಗಿ, ಕಂದಾಗಿ ತಿರುಗಿರುತ್ತದೆ. ನೀಲಿ ಬಣ್ಣ ಅದರೊಳಗೆ ಸರಿಯಾಗಿ ಹಾಯುವುದಿಲ್ಲ. ಪೊರೆ ತೆಗೆದು ಹೊಸ ಮಸೂರ ಹಾಕಿದ ಮೇಲೆ ನೀಲಿ ಒಮ್ಮೆಲೇ ವಾಪಸ್ಸು ಬರುತ್ತದೆ. ಇದು ನನಗೆ ಓದಿ ಗೊತ್ತಿತ್ತು. ಆದರೆ ಒಬ್ಬ ಮನುಷ್ಯ ಒಂದೇ ಚಿತ್ರವನ್ನು ಎರಡು ಬಣ್ಣದಲ್ಲಿ ನೋಡುತ್ತಾ ಎದುರಿಗೇ ನಿಂತಿರುವುದನ್ನು ಕಂಡಿರಲಿಲ್ಲ. ನಾನೂ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎರಡರಲ್ಲೂ ಅದೇ ನೀಲಿ. ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ?

ಆಮೇಲೆ ಮಾವ ಆ ಕೋಣೆಯ ಪ್ರತಿ ಚಿತ್ರವನ್ನೂ ಹಾಗೇ ನೋಡಿದರು. "ಆರು ವರ್ಷ ನನ್ ಗದ್ದೇನೂ ಹಿಂಗೇ ಟೀ ಬಣ್ಣದಲ್ಲೇ ನೋಡಿದ್ನಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮಹಡಿಯ ಮೇಲಿನ ಚಿತ್ರಗಳನ್ನು ಬೇಗ ಬೇಗ ನೋಡಿ ಇಳಿದೆವು. ನಿಜ ಹೇಳಬೇಕೆಂದರೆ ಅಷ್ಟೊತ್ತಿಗೆ ಇಬ್ಬರ ಕಾಲೂ ಸೋತಿದ್ದವು.

ಎರಡನೇ ಕಣ್ಣಿನ ಸರದಿ ಬಂದದ್ದು ಒಂದೂವರೆ ತಿಂಗಳ ಮೇಲೆ. ಈ ಸಲ ಮಾವನೇ ಕೇಳಿದರು, "ಡಾಕ್ಟ್ರದ್ದು ಆದ್ಮೇಲೆ ಎಲ್ಲಿಗೆ ಕರ್ಕೊಂಡೋಯ್ತೀಯಾ?" ಎಂದು. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಖಾಸಗಿ ಗ್ಯಾಲರಿ ಇತ್ತು. ಹೊಸ ಕಾಲದ ಕಲೆ. ಬಿಳಿ ಗೋಡೆ, ಎಸಿ, ಬಾಗಿಲಲ್ಲಿ ಮಾತಾಡಿಸಿದರೆ ಪಿಸುಗುಟ್ಟಿ ಉತ್ತರ ಕೊಡುವ ಒಬ್ಬ ಹುಡುಗಿ. ಇಂಥ ಕಡೆ ಹೋದಾಗೆಲ್ಲ ನನಗೆ ಚಪ್ಪಲಿ ಬಿಡಬೇಕೋ ಬೇಡವೋ ಎಂಬ ಗೊಂದಲ ಆಗುತ್ತದೆ. ಮಾವ ಕೇಳದೇ ಬಿಟ್ಟರು. ಹುಡುಗಿ ಓಡಿ ಬಂದು, ಬೇಡ ಅಂಕಲ್, ಹಾಕಿಕೊಳ್ಳಿ ಎಂದಳು.

ಮೊದಲ ಕೋಣೆಯಲ್ಲಿ ದೊಡ್ಡ ದೊಡ್ಡ ಕ್ಯಾನ್ವಾಸುಗಳು, ಬೂದು ಬಣ್ಣದ ಮೇಲೆ ಬೂದು ಬಣ್ಣ. ನನಗೆ ಅವುಗಳಿಂದ ಏನೂ ಸಿಗಲಿಲ್ಲ. ಮಾವ ಅಲ್ಲಿದ್ದ ಕುರ್ಚಿಯಲ್ಲಿ ಕೂತು ಎರಡು ನಿಮಿಷ ತೂಕಡಿಸಿದರು. ಅಷ್ಟೇ ಆ ಕೋಣೆ.

ಎರಡನೇ ಕೋಣೆಯ ಬಾಗಿಲಲ್ಲಿ ಮಾವ ನಿಂತುಬಿಟ್ಟರು.

"ಅಮ್ಮೀ, ಕೊಪ್ಪರಿಗೆ."

ನೆಲದ ಮೇಲೆ ಆಲೆಮನೆಯ ಕೊಪ್ಪರಿಗೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕಬ್ಬಿಣದ ದೊಡ್ಡ ಬಾಣಲೆ. ನಾವಿಬ್ಬರೂ ಕೈ ಚಾಚಿ ನಿಂತರೂ ಅಂಚಿಂದ ಅಂಚಿಗೆ ಮುಟ್ಟದಷ್ಟು ಅಗಲ. ಒಳಗೆ ಅರ್ಧದವರೆಗೆ ನೀರು. ಮೇಲಿಂದ ಒಂದೇ ಒಂದು ಬಲ್ಬು ಇಳಿಬಿಟ್ಟಿದ್ದರು. ಕೋಣೆಯಲ್ಲಿ ಬೇರೇನೂ ಇಲ್ಲ.

ನಾನು ಗೋಡೆಯ ಮೇಲಿನ ಬರಹ ಹುಡುಕಿದೆ. ಮಾವ ಆಗಲೇ ಕುಕ್ಕರಗಾಲಲ್ಲಿ ಕೂತು ಕೊಪ್ಪರಿಗೆಯನ್ನು ತಟ್ಟಿ ನೋಡುತ್ತಿದ್ದರು. ಹುಡುಗಿ ಮತ್ತೆ ಓಡಿ ಬಂದಳು. "ಅಂಕಲ್, ಮುಟ್ಟಬಾರದು." ಮಾವ ಕೈ ತೆಗೆದರು, ಆದರೆ ಏಳಲಿಲ್ಲ. ಬೆರಳಲ್ಲಿ ದೂರದಿಂದಲೇ ತೋರಿಸುತ್ತಾ ನನಗೆ ಓದಿ ಹೇಳಲು ಶುರು ಮಾಡಿದರು. ಹೌದು, ಓದಿ ಹೇಳಿದ ಹಾಗೇ ಇತ್ತು. ಈ ಕಡೆ ಕಪ್ಪು ಜಾಸ್ತಿ, ಅಂದರೆ ಒಲೆಯ ಬಾಯಿ ಈ ಕಡೆಗಿತ್ತು. ಇಲ್ಲಿ ತೇಪೆ ಹಾಕಿದ್ದಾರೆ, ಒಂದಲ್ಲ ಎರಡು ಸಲ, ಎರಡನೆಯದು ಬೇರೆ ಕೈ ಕೆಲಸ. ಈ ಅಂಚು ತಗ್ಗಿದೆ, ಪಾಕ ಸುರಿಯಲು ಇದೇ ಕಡೆಗೆ ಬಗ್ಗಿಸುತ್ತಿದ್ದರು. ಹಿಡಿಯ ಬಳೆ ಒಂದು ಹಳೆಯದು, ಒಂದು ಆಮೇಲೆ ಹಾಕಿಸಿದ್ದು. ಹುಡುಗಿ ವಾಪಸ್ಸು ಹೋಗಲಿಲ್ಲ. ಅವಳೂ ಕೇಳುತ್ತಾ ನಿಂತಳು.

ಆತಕೂರಿನ ಕಲ್ಲಿನ ಮುಂದೆ ನಾನು ಹೇಳಿದ್ದೆ, ಅವರು ಕೇಳಿದ್ದರು. ಇಲ್ಲಿ ಉಲ್ಟಾ ಆಗಿತ್ತು.

ಎಲ್ಲ ಮುಗಿದ ಮೇಲೆ ಮಾವ ಹುಡುಗಿಯ ಕಡೆ ತಿರುಗಿದರು. "ಎಲ್ಲ ಸರಿ ಕಣವ್ವಾ. ಆದ್ರೆ ಕೊಪ್ಪರಿಗೇಲಿ ಹಿಂಗೆ ನೀರು ನಿಲ್ಲಿಸ್ಬಾರ್ದು. ತುಕ್ಕು ಹಿಡಿದು ತೂತು ಬೀಳ್ತದೆ."

ಹುಡುಗಿ ನಕ್ಕಳು. ಅದೇ ಕಲಾವಿದರ ಉದ್ದೇಶ ಎಂದಳು. ಪ್ರದರ್ಶನ ಮುಗಿಯುವ ಹೊತ್ತಿಗೆ ತುಕ್ಕು ಹಿಡಿದು ತೂತಾಗಿ, ನೀರು ತಾನೇ ಹರಿದುಹೋಗಲಿ ಅಂತ. ಮಾವನಿಗೆ ಇದು ಸಿಟ್ಟು ತರಿಸುತ್ತದೆ ಅಂದುಕೊಂಡೆ. ಒಳ್ಳೆಯ ಪಾತ್ರೆ ಹಾಳು ಮಾಡುವುದಕ್ಕೆ ಇವರಿಗೆ ದುಡ್ಡು ಬೇರೆ ಕೊಡ್ತಾರಾ ಅಂತಾರೆ ಅಂದುಕೊಂಡೆ. ಅವರು ಯೋಚನೆ ಮಾಡಿದರು.

"ಇನ್ನೆಷ್ಟು ದಿನ ಐತೆ?"

"ಇಪ್ಪತ್ತು ದಿನ ಅಂಕಲ್."

"ಬೀಳಲ್ಲ. ಹಳೇ ಕಬ್ಬಿಣ. ಬಿದ್ರೆ ಆ ತೇಪೆ ಪಕ್ಕದ ಮೊಳೆ ಹತ್ರ ಬೀಳ್ಬೇಕು, ನಡುವೆ ಬೀಳಲ್ಲ."

ಬೆಲೆಯ ಪಟ್ಟಿಯನ್ನು ನಾನು ಮಾವನಿಗೆ ತೋರಿಸಲಿಲ್ಲ.

ವಾಪಸ್ಸು ಬರುವಾಗ ಸಿಗ್ನಲ್ಲಿನಲ್ಲಿ ನಮ್ಮ ಆಟೋ ಮುಂದೆ ಒಂದು ಲಾರಿ. ಬಂಪರಿಗೆ ಕಪ್ಪು ಕೂದಲಿನ ಹಗ್ಗ ಕಟ್ಟಿದ್ದರು, ದೃಷ್ಟಿ ತಾಗಬಾರದು ಅಂತ. ಅದನ್ನು ನೋಡಿ ನನಗೆ ನೆನಪಾಯಿತು. ಶೀಲಾ ಗೌಡ ಎಂಬ ಕಲಾವಿದೆ ಇದ್ದಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನವರೇ ಆಗಿದ್ದಾರೆ. ಸಗಣಿ, ಕುಂಕುಮ, ಡಾಂಬರಿನ ಡ್ರಮ್ಮು, ಇಂಥವುಗಳಲ್ಲೇ ಕೆಲಸ ಮಾಡುತ್ತಾರೆ. 2009ರಲ್ಲಿ ವೆನಿಸ್‌ನ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರು ಇಟ್ಟದ್ದು ಇದೇ ಕೂದಲಿನ ಹಗ್ಗ. ಮುಡಿ ಕೊಟ್ಟ ಕೂದಲನ್ನು ಹೊಸೆದ ಹಗ್ಗ, ಕಿಲೋಮೀಟರುಗಟ್ಟಲೆ. ಅದರಲ್ಲಿ ಸುಮಾರು 20 ಕಾರಿನ ಬಂಪರುಗಳು ನೇತಾಡುತ್ತವೆ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಂನವರ ಹತ್ತಿರ ಇದೆ. ಇಷ್ಟನ್ನೂ ಮಾವನಿಗೆ ಹೇಳಿದೆ.

ಸಿಗ್ನಲ್ ಬಿಟ್ಟಿತು. ಲಾರಿ ಹೊಗೆ ಬಿಟ್ಟುಕೊಂಡು ಮುಂದೆ ಹೋಯಿತು. ಮಾವ ಕಪ್ಪು ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡರು.

"ಯಾರ್ ಕಣ್ಣೂ ಬೀಳ್ದಿರ್ಲಿ ಅಂತ ಕಟ್ಟೋದ್ನ, ಎಲ್ರೂ ನೋಡ್ಲಿ ಅಂತ ಇಟ್ಟವ್ರಾ?"

ಆ ಕೃತಿಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಊರಿಗೆ ಹೋದ ಮೇಲೆ ಮಾವನ ಫೋನು ಎರಡು ದಿನಕ್ಕೊಂದು ಸಲ ಬರಲು ಶುರುವಾಯಿತು. ಕಣ್ಣಿನ ವಿಷಯ ಒಂದು ಮಾತು. ಹನಿ ದಿನಕ್ಕೆ ನಾಲ್ಕರಿಂದ ಮೂರಕ್ಕೆ ಇಳಿದಿದೆ, ಪೇಪರ್ ಓದುತ್ತಿದ್ದೇನೆ. ಆಮೇಲೆ, "ತೂತು ಬಿತ್ತಾ?" ನಾನು ಆಫೀಸಿನಿಂದ ಬರುವಾಗ ಎರಡು ಸಲ ಆ ಗ್ಯಾಲರಿಗೆ ಹೋಗಿ ನೋಡಿಕೊಂಡು ಬಂದೆ. ಒಂದೇ ಕಲಾಕೃತಿಯನ್ನು ಮೂರು ಸಲ ನೋಡಲು ಹೋದವಳಲ್ಲ ನಾನು. ಮೊದಲ ಸಲ ನೀರು ತಿಳಿಯಾಗಿತ್ತು, ಬಲ್ಬು ಅದರಲ್ಲಿ ಕಾಣುತ್ತಿತ್ತು. ವಾರ ಕಳೆದಾಗ ನೀರಿನ ಮೇಲೆ ಕೆಂಪನೆಯ ಕೆನೆ ಕಟ್ಟಿತ್ತು. ಬಲ್ಬಿನ ನೆರಳು ಹಲಸಿನ ತೊಳೆಯ ಬಣ್ಣಕ್ಕೆ ತಿರುಗಿತ್ತು. ಕಬ್ಬಿಣದ ವಾಸನೆ ಕೋಣೆಯಲ್ಲೆಲ್ಲ. ಅದರ ಕೆಳಗೇ ಎಲ್ಲೋ ಬೆಲ್ಲದ ವಾಸನೆಯೂ ಇದ್ದಂತೆ. ಅದು ನನ್ನ ಭ್ರಮೆ ಇರಬಹುದು. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದು ಬೆಳೆದವಳು ನಾನು.

ಕೊನೇ ದಿನ ಸಂಜೆ ಹೋದೆ. ಮುಚ್ಚುವುದಕ್ಕೆ ಅರ್ಧ ಗಂಟೆ ಇತ್ತು. ಬೂದು ಕ್ಯಾನ್ವಾಸುಗಳನ್ನು ಆಗಲೇ ಕಾಗದ ಸುತ್ತಿ ಗೋಡೆಗೆ ಒರಗಿಸಿದ್ದರು. ನಾನು ಮಾವನ ಹಾಗೇ ಕುಕ್ಕರಗಾಲಲ್ಲಿ ಕೂತು ತೇಪೆಯ ಪಕ್ಕದ ಮೊಳೆಯ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು.

"ನಿಮ್ಮ ಮಾವ ಗೆದ್ದುಬಿಟ್ರು" ಎಂದಳು ಹುಡುಗಿ.

ಅಲ್ಲಿಂದಲೇ ಫೋನ್ ಹಚ್ಚಿದೆ. "ಬಿದ್ದಿಲ್ಲ ಮಾವ."

"ನಾನ್ ಹೇಳ್ಲಿಲ್ವಾ? ಈಗ ಅದನ್ನೇನ್ ಮಾಡ್ತಾರಂತೆ?"

ಹುಡುಗಿಯನ್ನು ಕೇಳಿ ಹೇಳಿದೆ. ಮುಂಬೈಗೆ ಹೋಗುತ್ತದಂತೆ. ಅಲ್ಲಿ ಮತ್ತೆ ನೀರು ತುಂಬುತ್ತಾರಂತೆ.

"ನೀರು ಚೆಲ್ಲಿದ್ಮೇಲೆ ಒಣಬಟ್ಟೇಲಿ ಒರೆಸಿ, ಒಳ್ಳೆ ಹರಳೆಣ್ಣೆ ಸವರಿ ಕಳಿಸೋಕೆ ಹೇಳು."

"ಮಾವ, ಅದು ತೂತು ಬೀಳಲಿ ಅಂತಲೇ ಇಟ್ಟಿರೋದು."

"ಗೊತ್ತು ಕಣಮ್ಮಿ. ಆದ್ರೂ ಹೇಳು."

ಹೇಳಿದೆ. ಹುಡುಗಿ ಬೆಲೆಯ ಪಟ್ಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಂಡಳು. ಒಣಬಟ್ಟೆ, ಹರಳೆಣ್ಣೆ.